ಒಂದು ಹೆಬ್ಬೆರಳಿನಷ್ಟು

ಇವತ್ತಿಗೆ ನಾಲ್ಕನೆಯ ದಿನ. ಗೋಡೆಯ ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿಯ ಪಕ್ಕದಿಂದಲೇ ಸುಶ್ಮಿತಾ ಕೊಡೆಯನ್ನು ತೆಗೆದುಕೊಂಡು, ಬಸ್ಸಲ್ಲಿ ಹೋಗ್ತೀನಿ ಎಂದಷ್ಟೇ ಹೇಳಿ, ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿ ಹೋದಳು. ಸಿಟ್ಟಿನಿಂದ ಹೋಗಿದ್ದರೆ ಉಮಾಮಹೇಶ್ವರನಿಗೆ ಏನಾದರೂ ಮಾಡಲು ಆಗುತ್ತಿತ್ತು. ಸಿಟ್ಟಾದ ಹೆಂಡತಿಯನ್ನು ಸಮಾಧಾನ ಮಾಡುವ ದಾರಿಗಳು ಹನ್ನೊಂದು ವರ್ಷದ ಸಂಸಾರದಲ್ಲಿ ಅವನಿಗೆ ಗೊತ್ತಾಗಿದ್ದವು. ಸಂಜೆ ಬರುವಾಗ ಎರಡು ಮೊಳ ಮಲ್ಲಿಗೆ, ಇಲ್ಲವೇ ಅವಳ ಅಮ್ಮನಿಗೆ ತಾನಾಗಿ ಒಂದು ಫೋನು. ಆದರೆ ಅವಳು ಹೋಗುವ ಮುಂಚೆ ಅವನ ಉಪ್ಪಿಟ್ಟು ಆರದಿರಲೆಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿದ್ದಳು. ಅವನು ಕಿಟಕಿಯಲ್ಲಿ ನಿಂತು, ಅವಳು ಬೀದಿಯ ತಿರುವಿನವರೆಗೆ ನಡೆದು ಹೋಗುವುದನ್ನು ನೋಡಿದ. ಆರು ತಿಂಗಳಿಂದ ಅವನು ಬಯಸಿದ್ದು ಇದನ್ನೇ. ಕಾರು ಹಗಲೆಲ್ಲ ಮನೆಯ ಮುಂದೆ ನಿಲ್ಲಬೇಕು, ಸೀಟು ಅವನ ಕಾಲಿನ ಉದ್ದಕ್ಕೇ ಇರಬೇಕು, ಒಳಗೆ ಅವಳ ಟಿಫನ್ ಡಬ್ಬಿಯ ಒಗ್ಗರಣೆ ವಾಸನೆ ಇರಬಾರದು. ಈಗ ಅಷ್ಟೂ ಸಿಕ್ಕಿತ್ತು. ಸಿಕ್ಕಿದ ಮೇಲೆ ಕೀಲಿಗೆ ಕೈ ಹಾಕಲು ಮನಸ್ಸೇ ಬರಲಿಲ್ಲ. ದುರ್ಗಿಗುಡಿಯಲ್ಲಿರುವ ಅವನ ಕನ್ನಡಕದ ಅಂಗಡಿ ಮನೆಯಿಂದ ಐದು ನಿಮಿಷದ ನಡಿಗೆ. ಕಾರಿನಲ್ಲಿ ಹೋದರೆ ನಿಲ್ಲಿಸಲು ಜಾಗ ಹುಡುಕುವುದಕ್ಕೇ ಹತ್ತು ನಿಮಿಷ ಬೇಕು.

ಅಂಗಡಿಗೆ ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತಾ, ಇದಾ ಎಂದು ಕೇಳುತ್ತ ಹೋದ. ಮೇಷ್ಟ್ರು ಎರಡೂ ಒಂದೇ ಥರ ಕಾಣುತ್ತಪ್ಪ ಎಂದರು. ಹಾಗೆ ಹೇಳುವ ಗಿರಾಕಿಗಳ ಮೇಲೆ ಅವನಿಗೆ ಒಳಗೊಳಗೇ ಪ್ರೀತಿ, ಏಕೆಂದರೆ ಅವನೂ ಅದೇ ಜಾತಿ. ಸುಶ್ಮಿತಾಳಿಗೆ ಯಾವ ಎರಡು ವಸ್ತುವೂ ಒಂದೇ ಥರ ಅನ್ನಿಸುವುದಿಲ್ಲ. ಭದ್ರಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳು ಫಿಸಿಯೋಥೆರಪಿಸ್ಟ್. ಕಾರ್ಖಾನೆಯಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡವರ ಕಾಲನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಮಡಿಸಿ, ನೋವು ಇಲ್ಲಿ ಅಲ್ಲ, ಒಂದು ಬೆರಳು ಮೇಲೆ ಅಲ್ವಾ ಎಂದು ಅವರಿಗಿಂತ ಮೊದಲೇ ಹೇಳುತ್ತಾಳೆ. ಕಾರನ್ನೂ ಅವಳು ಹಾಗೆಯೇ ಹಿಡಿದಿದ್ದಳು. ಮೂರು ವರ್ಷದ ಹಿಂದೆ ಮಂಗಳೂರಿನ ಡಾಕ್ಟರೊಬ್ಬರಿಂದ ಆ ಎರಡು ಬಾಗಿಲಿನ ನೀಲಿ ಸ್ಪೋರ್ಟ್ಸ್ ಕಾರನ್ನು ತಂದಾಗ, ಇದು ನಿನಗೇ, ದಿನಾ ಭದ್ರಾವತಿಗೆ ಹೋಗಿ ಬರೋಕೆ, ನಾನು ವರ್ಷಕ್ಕೆ ಎರಡು ಸಲ ರೇಸ್ ಟ್ರ್ಯಾಕಿಗೆ ಒಯ್ದರೆ ಹೆಚ್ಚು ಎಂದು ಅವನೇ ಹೇಳಿದ್ದ. ತಾನು ಆಸೆಪಟ್ಟು ಕೊಂಡದ್ದನ್ನು ಹೆಂಡತಿಯ ಹೆಸರಿಗೆ ಹಚ್ಚುವ ಗಂಡಸರಲ್ಲಿ ಅವನೇನೂ ಮೊದಲಿಗನಲ್ಲ. ಅವಳು ಆ ಮಾತನ್ನು ನಿಜವೆಂದು ನಂಬಿಬಿಟ್ಟದ್ದೇ ಎಡವಟ್ಟಾಯಿತು.

ಫೆಬ್ರವರಿಯಲ್ಲಿ ಕೊಯಮತ್ತೂರಿನ ಟ್ರ್ಯಾಕಿಗೆ ಅವಳೂ ಬಂದಿದ್ದಳು. ಬೆಳಿಗ್ಗೆಯಿಂದ ಅವನು ಹೆಲ್ಮೆಟ್ಟಿನೊಳಗೆ ಬೆವರುತ್ತ ಸುತ್ತಿದ. ಒಂದು ಸುತ್ತಿಗೆ ಒಂದು ನಿಮಿಷ ಇಪ್ಪತ್ತಾರು ಸೆಕೆಂಡು. ಎಷ್ಟು ಒದ್ದಾಡಿದರೂ ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಊಟವಾದ ಮೇಲೆ, ಶಿವಮೊಗ್ಗದವರನ್ನೆಲ್ಲ ಕೂಡಿಸಿಕೊಂಡು ಹೋಗಿದ್ದ ಟೈರ್ ಅಂಗಡಿಯ ಪ್ರಣವ, ಅತ್ತಿಗೆ, ನೀವೂ ಒಂದ್ನಾಲ್ಕು ಸುತ್ತು ಹೋಗ್ಬನ್ನಿ ಎಂದ. ಉಮಾಮಹೇಶ್ವರನೇ ನಗುತ್ತ ಅವಳ ಗಲ್ಲದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಕಳಿಸಿಕೊಟ್ಟ. ಅವಳು ಹೋದಳು, ಸದ್ದಿಲ್ಲದೆ ಸುತ್ತಿದಳು. ಅವನು ಓಡಿಸುವಾಗ ಕಿರುಚುತ್ತಿದ್ದ ಟೈರುಗಳು ಅವಳ ಕೈಯಲ್ಲಿ ಕಿರುಚಲಿಲ್ಲ. ನಾಲ್ಕನೆಯ ಸುತ್ತಿಗೆ ಒಂದು ನಿಮಿಷ ಇಪ್ಪತ್ಮೂರು. ಪ್ರಣವ ತನ್ನ ಗಡಿಯಾರವನ್ನೇ ಅನುಮಾನಿಸಿ ಇನ್ನೊಬ್ಬರ ಗಡಿಯಾರದಲ್ಲಿ ಇಣುಕಿ ನೋಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಉಮಾಮಹೇಶ್ವರನೂ ತಟ್ಟಿದ, ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವಳು ಇಳಿದು ಬಂದು, ಕೂದಲು ಸರಿಮಾಡಿಕೊಳ್ಳುತ್ತ, ಎಷ್ಟು ಬಂತು ಎಂದು ಸಹ ಕೇಳದೆ, ತುಂಬಾ ಚೆನ್ನಾಗಿತ್ತು ರೀ ಎಂದಳು. ಆ ಕೇಳದೆ ಇದ್ದದ್ದು ಅವನ ಹೊಟ್ಟೆಗೆ ಕೊಳ್ಳಿ ಇಟ್ಟಿತು. ವಾಪಸು ಬರುವಾಗ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಅವನು ಸತ್ಯಮಂಗಲದ ಘಾಟಿ ಹತ್ತುತ್ತ ಲೆಕ್ಕ ಹಾಕಿದ. ಟೈರುಗಳನ್ನು ಕಾಯಿಸಿಕೊಟ್ಟವನು ತಾನು, ಅವಳ ಹೊತ್ತಿಗೆ ಪೆಟ್ರೋಲು ಕರಗಿ ಕಾರು ಹಗುರಾಗಿತ್ತು, ಅವಳ ತೂಕವೂ ಕಮ್ಮಿ. ಎಲ್ಲ ಸೇರಿಸಿದರೂ ಒಂದು ಸೆಕೆಂಡು, ಒಂದೂವರೆ. ಉಳಿದ ಒಂದೂವರೆ ಸೆಕೆಂಡಿಗೆ ಉತ್ತರ ಸಿಕ್ಕಿದ್ದು ಮನೆ ತಲುಪಿದ ಮೇಲೆ. ಸಸ್ಪೆನ್ಷನ್ ಸರಿಯಿಲ್ಲ, ಕಾರು ತುಂಬಾ ಮೆತ್ತಗಿದೆ, ನಾನು ಓಡಿಸೋ ವೇಗಕ್ಕೆ ವಾಲುತ್ತೆ ಎಂದು ಅವಳಿಗೆ ಹೇಳಿದ. ಕುಣಿಯಲಾರದವನು ನೆಲ ಡೊಂಕು ಅಂದನಂತೆ ಎಂಬ ಗಾದೆ ಅವಳಿಗೆ ನೆನಪಾದೀತೆಂದು ಅವಳ ಮುಖವನ್ನೇ ನೋಡಿದ. ಅವಳು, ಹಂಗಾದ್ರೆ ಸರಿ ಮಾಡಿಸೋಣ ಎಂದಳು.

ಆಮೇಲೆ ನಾಲ್ಕು ತಿಂಗಳು ಅವನು ಓದಿದ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ, ಕೌಂಟರಿನ ಹಿಂದೆ ಕೂತು, ಯಾವುದೋ ದೇಶದ ಯಾರೋ ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಓದಿ ತಲೆಗೆ ತುಂಬಿಕೊಂಡ. ದಾರಿಗಳು ಮೂರಿದ್ದವು. ಬರೀ ಸ್ಪ್ರಿಂಗು ಬದಲಿಸಿ ಕಾರನ್ನು ಎರಡು ಬೆರಳು ತಗ್ಗಿಸುವುದು ಒಂದು. ಎತ್ತರವನ್ನು ಮುಟ್ಟದೆ ಒಳ್ಳೆಯ ಶಾಕ್ಸ್ ಹಾಕಿ, ಹಿಂದಿನ ಎರಡು ಚಕ್ರಗಳ ನಡುವಿನ ಸರಳನ್ನು ತುಸು ದಪ್ಪ ಮಾಡಿ, ಸವೆದ ರಬ್ಬರುಗಳನ್ನು ಹೊಸದು ಮಾಡುವುದು ಇನ್ನೊಂದು. ಎಲ್ಲವನ್ನೂ ಕಿತ್ತು ಕಾಯಿಲೋವರ್ ಹಾಕುವುದು ಮೂರನೆಯದು. ಅದರಲ್ಲಿ ಸ್ಪ್ರಿಂಗೂ ಶಾಕ್ಸೂ ಒಂದೇ ಜೋಡಣೆ. ತಿರುಪು ತಿರುಗಿಸಿ ಬೇಕಾದಷ್ಟು ತಗ್ಗಿಸಬಹುದು, ಬೇಕಾದಷ್ಟು ಗಟ್ಟಿ ಮಾಡಬಹುದು. ಗಟ್ಟಿ ಎಂಬ ಮಾತೇ ಅವನಿಗೆ ಹಿತವಾಗಿತ್ತು. ಭದ್ರಾವತಿಯಲ್ಲಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದೆ ಪರಶುರಾಮನ ವರ್ಕ್‌ಶಾಪು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು, ಮಗನಿಗೂ ಕಬ್ಬಿಣದ ಮಾತು ಗೊತ್ತು ಎಂದು ಊರವರು ಹೇಳುತ್ತಾರೆ. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಉಮಾಮಹೇಶ್ವರ ಅವನ ಮುಂದೆ ತಾನು ಓದಿದ್ದನ್ನೆಲ್ಲ ಅರ್ಧ ಗಂಟೆ ಒಪ್ಪಿಸಿದ. ಪರಶುರಾಮ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಕೇಳಿ, ದಿನಾ ಓಡ್ಸೋದು ಯಾರು ಸಾರ್ ಎಂದ. ಆಮೇಲೆ ಜೊತೆಗೆ ಬಂದಿದ್ದ ಸುಶ್ಮಿತಾಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತು, ಮಲವಗೊಪ್ಪದವರೆಗೆ ಹೋಗಿ ಬಂದ. ಹಿಂದಿನ ಸೀಟು ಹೆಸರಿಗೆ ಮಾತ್ರ ಇದ್ದದ್ದರಿಂದ ಉಮಾಮಹೇಶ್ವರ ವರ್ಕ್‌ಶಾಪಿನ ಸ್ಟೂಲಿನ ಮೇಲೆ ನಲವತ್ತು ನಿಮಿಷ ಕೂತಿದ್ದ.

ಅವರಿಬ್ಬರೂ ಇಳಿದು ಬಂದಾಗಲೂ ಮಾತು ಮುಗಿದಿರಲಿಲ್ಲ. ಎಡಕ್ಕೆ ತಿರುಗಿಸಿದಾಗ ಹಿಂದಿನದು ಒಂದು ಉಸಿರು ತಡವಾಗಿ ಬರುತ್ತಲ್ಲ ಅಣ್ಣ ಎಂದು ಅವಳು, ಹೂಂ ಮೇಡಂ, ಅದು ರಬ್ಬರು ಸವೆದು ಎಂದು ಅವನು. ಅವಳು ಅಂಗೈಯನ್ನು ಕಾರಿನ ಹಾಗೆ ವಾಲಿಸಿ ತೋರಿಸಿದಳು. ಅವನು ತನ್ನ ಅಂಗೈಯಿಂದ ಉತ್ತರ ಕೊಟ್ಟ. ಗಂಡನಾದವನಿಗೆ ಅನುಮಾನಪಡಲು ಅಲ್ಲಿ ಏನೂ ಇರಲಿಲ್ಲ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನ ಮಗಳು ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಅನುಮಾನವಾಗಿದ್ದರೆ ಎಷ್ಟೋ ವಾಸಿ, ಊರೆಲ್ಲ ಅರ್ಥಮಾಡಿಕೊಳ್ಳುತ್ತಿತ್ತು. ಇದು ಬೇರೆ. ತಾನು ಇನ್ನೂರು ಪುಟ ಓದಿ ಆಡಿದ ಮಾತಿಗೆ ತಲೆಯೆತ್ತದವನು, ಅವಳ ಅರ್ಧ ಮಾತಿಗೆ ಕಿವಿಗೊಟ್ಟು ನಿಂತಿದ್ದ. ಎತ್ತರ ಮುಟ್ಟೋದು ಬೇಡ ಸಾರ್, ಶಾಕ್ಸು ಒಳ್ಳೇದು ಹಾಕೋಣ, ಟ್ರ್ಯಾಕಿಗೂ ಸಾಕು, ದಿನಾ ಓಡ್ಸೋರಿಗೂ ಬೆನ್ನು ಉಳಿಯುತ್ತೆ ಎಂದು ಪರಶುರಾಮ ಕೊನೆಗೆ ಹೇಳಿದಾಗ, ಉಮಾಮಹೇಶ್ವರನಿಗೆ ಅದು ಅವಳ ಪರವಾಗಿ ಕೊಟ್ಟ ತೀರ್ಪಿನಂತೆ ಕೇಳಿಸಿತು. ಗಟ್ಟಿ ಸ್ಪ್ರಿಂಗೇ ಬೇಕು, ಕಾಯಿಲೋವರೇ ಬೇಕು ಎಂದು ಹಟ ಹಿಡಿದ. ಪರಶುರಾಮ ವಾದಕ್ಕಿಳಿಯಲಿಲ್ಲ. ಅವನದೊಂದು ಪದ್ಧತಿಯಿತ್ತು. ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಿಗೆ ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಗು ಬಿಗಿಯುತ್ತಾನೆ. ಕಾರು ಗುಂಡಿಗೆ ಬಿದ್ದಾಗ ಕೆಳಗಿನ ಕೊಳವೆ ಮೇಲೆ ಬಂದು ಟ್ಯಾಗನ್ನು ತಳ್ಳುತ್ತದೆ. ಕಾರು ಮತ್ತೆ ಎದ್ದರೂ ಟ್ಯಾಗು ತಳ್ಳಿದಲ್ಲೇ ನಿಲ್ಲುತ್ತದೆ. ವಾರವಾದ ಮೇಲೆ ನೋಡಿದರೆ ಚಕ್ರ ಎಲ್ಲಿಯವರೆಗೆ ಮುಗ್ಗರಿಸಿತ್ತು ಎಂದು ಗೊತ್ತಾಗುತ್ತದೆ. ಒಂದು ವಾರ ನೀವು ಓಡ್ಸಿ, ಒಂದು ವಾರ ಮೇಡಂ ಓಡ್ಸಲಿ, ಅದೇ ರೋಡು. ಇಬ್ಬರ ವಾರದಲ್ಲೂ ಟ್ಯಾಗು ದಂಡಿನ ಮೇಲ್ತುದಿಯ ರಬ್ಬರಿಗೆ ಮುಟ್ಟಿದ್ರೆ ನಿಮ್ಮ ಗಟ್ಟಿ ಸ್ಪ್ರಿಂಗು, ಇಲ್ದಿದ್ರೆ ನನ್ನ ಮಾತು ಎಂದ.

ತನ್ನ ವಾರದಲ್ಲಿ ಅವನು ಅಂಗಡಿಯನ್ನು ತಡವಾಗಿ ತೆರೆದು, ದಿನವೂ ಅವಳನ್ನು ಭದ್ರಾವತಿಗೆ ಬಿಟ್ಟು, ಸಂಜೆ ಕರೆತಂದ. ಮುಂದಿನ ಸೋಮವಾರ ಪರಶುರಾಮ ಚಕ್ರದ ಸಂದಿಗೆ ಸ್ಕೇಲು ಹಿಡಿದು ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಅಂಕಿ ಬರೆದು, ಅವಳ ವಾರಕ್ಕೆಂದು ಟ್ಯಾಗುಗಳನ್ನು ಮತ್ತೆ ಕೆಳಕ್ಕೆ ಎಳೆದಿಟ್ಟ. ಮುಂದಿನ ಬಲದ್ದು ರಬ್ಬರಿಗೆ ಮುಟ್ಟಿತ್ತು, ಎಡದ್ದು ಹೆಚ್ಚುಕಮ್ಮಿ ಮುಟ್ಟಿತ್ತು, ಹಿಂದಿನವು ಬೇರೆಬೇರೆ. ಅವನು ಗೆದ್ದೆನೆಂದುಕೊಂಡ. ಪರಶುರಾಮ ಮಾತ್ರ ಎದ್ದು ನಿಂತು, ಹಂಪು ಹತ್ತಿದ ಮೇಲೆ ಬ್ರೇಕು ಹಾಕ್ತೀರಾ ಸಾರ್, ಅದಕ್ಕೆ ಮೂತಿ ಹೊಡೀತಿದೆ ಎಂದ. ಅವಳು ತಕ್ಷಣ, ಅವರಿಗೆ ಆ ರೋಡು ಅಭ್ಯಾಸ ಇಲ್ಲ ಅಣ್ಣ, ಅದಕ್ಕೆ ಎಂದಳು. ಕರುಣೆಯಿಂದ ಆಡಿದ ಮಾತು. ನಕ್ಕಿದ್ದರೆ ಅವನು ಮರೆಯುತ್ತಿದ್ದ. ಹದಿನೈದು ವರ್ಷದಿಂದ ಕಾರು ಓಡಿಸುತ್ತಿರುವ, ಅವಳಿಗೇ ಸ್ಟಿಯರಿಂಗು ಹಿಡಿಯುವುದನ್ನು ಕಲಿಸಿದ ಗಂಡನಿಗೆ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆ ಅಭ್ಯಾಸವಿಲ್ಲವಂತೆ. ಅವನು ಸೀಮೆಸುಣ್ಣದ ಅಂಕಿಗಳ ಮೇಲೆ, ಗೊತ್ತಿಲ್ಲದವನಂತೆ, ಚಪ್ಪಲಿ ಎಳೆದುಕೊಂಡು ನಡೆದ.

ಅವಳ ವಾರ ಶನಿವಾರಕ್ಕೆ ಮುಗಿಯಿತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಅವಳು ಮಲಗಿದ ಮೇಲೆ, ಅವನು ಚಾಪೆ ಹಾಸಿಕೊಂಡು ಕಾರಿನ ಪಕ್ಕದಲ್ಲಿ ಅಂಗಾತ ಮಲಗಿ, ಚಕ್ರದ ಹಿಂದೆ ಕಣ್ಣು ಹಾಯಿಸಿದ. ಸುಮ್ಮನೆ ನೋಡೋಣವೆಂದಷ್ಟೇ ಹೋದದ್ದು, ಅದು ನಿಜ. ಮುಂದಿನ ಬಲದ ಟ್ಯಾಗು ರಬ್ಬರಿಗಿಂತ ಒಂದು ಹೆಬ್ಬೆರಳಿನಷ್ಟು ಕೆಳಗೆ ನಿಂತಿತ್ತು. ಅದೇ ರಸ್ತೆ, ಅದೇ ಹಂಪು, ಅದೇ ಗುಂಡಿ. ಅವಳೇನೂ ಮೆಲ್ಲಗೆ ಓಡಿಸುವವಳಲ್ಲ. ಅವನಿಗಿಂತ ಐದು ನಿಮಿಷ ಮುಂಚೆಯೇ ತಲುಪುತ್ತಾಳೆ. ಒಂದು ಹೆಬ್ಬೆರಳು. ತನ್ನ ಹೆಬ್ಬೆರಳನ್ನೇ ಆ ಸಂದಿಗೆ ಇಟ್ಟು ನೋಡಿದ, ಸರಿಯಾಗಿ ಕೂತಿತು. ಅಷ್ಟರಲ್ಲಿ ಅವಳ ಇಡೀ ಜಾಣತನ ಇತ್ತು, ಅವನಿಗೆ ಇಲ್ಲದ್ದು, ಓದಿ ಬಾರದ್ದು, ಬೇಡಿದರೂ ಯಾರೂ ಕೊಡಲಾರದ್ದು. ಅವನ ಹೊಟ್ಟೆ ನಿಜಕ್ಕೂ ಉರಿಯಿತು, ಮೆಣಸಿನಕಾಯಿ ತಿಂದಾಗ ಉರಿಯುವ ಹಾಗೆಯೇ. ಬೆರಳನ್ನು ತೆಗೆಯುವ ಬದಲು ಮೇಲಕ್ಕೆ ಒತ್ತಿದ. ಟ್ಯಾಗು ಜಾರಿ ರಬ್ಬರಿಗೆ ಮುಟ್ಟಿತು. ಒಂದನ್ನೇ ತಳ್ಳಿದರೆ ಅನುಮಾನ ಬರುತ್ತದೆಂದು ಸುತ್ತ ತೆವಳಿ ಉಳಿದ ಮೂರನ್ನೂ ತಳ್ಳಿದ. ಎದ್ದು ಚಾಪೆ ಕೊಡವಿ, ಬೆನ್ನಿಗೆ ಮಣ್ಣು ಮೆತ್ತಿಕೊಂಡಿದ್ದ ಬನಿಯನ್ನನ್ನು ತಾನೇ ಒಗೆದು ಹಾಕಿದ. ಸಂಜೆ ಅವಳು ಕಾಫಿ ಕೊಡುವಾಗ, ಹಗ್ಗದ ಮೇಲಿನ ಬನಿಯನ್ ನೋಡಿ, ಏನೂ ಕೇಳಲಿಲ್ಲ.

ಮಾರನೆಯ ದಿನ ಪರಶುರಾಮ ನಾಲ್ಕು ಚಕ್ರದ ಹತ್ತಿರವೂ ಕುಕ್ಕುರುಗಾಲಲ್ಲಿ ಕೂತು ನೋಡಿದ. ಸ್ಕೇಲನ್ನು ಜೇಬಿನಿಂದ ತೆಗೆಯಲಿಲ್ಲ, ಸೀಮೆಸುಣ್ಣವನ್ನೂ ಮುಟ್ಟಲಿಲ್ಲ. ಇದು ಮೇಡಂ ಓಡಿಸಿದ್ದಾ ಎಂದು ಕೇಳಿದ. ಹೌದು, ಪೂರ್ತಿ ವಾರ ಅವಳೇ ಎಂದು ಉಮಾಮಹೇಶ್ವರ ಹೇಳಿದ. ಪರಶುರಾಮ ಅವಳ ಕಡೆ ನೋಡಿದ, ಅವಳು ಪರಶುರಾಮನ ಕಡೆ ನೋಡಿದಳು, ಆ ನೋಟ ಅವನಿಗೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಹೊತ್ತು ಇತ್ತು. ಏನ್ ಮಾಡೋಣ ಮೇಡಂ ಎಂದ. ಅವರು ಹೇಳಿದ್ದೇ ಹಾಕಿ ಅಣ್ಣ ಎಂದು ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಆಸ್ಪತ್ರೆಯ ಕಡೆ ನಡೆದುಹೋದಳು. ಗೆದ್ದವನ ಕಾಲು ನೆಲದ ಮೇಲೆ ನಿಲ್ಲದೆ, ಅವನು ಅಲ್ಲೇ ಇದ್ದ ಹೋಟೆಲಿನಲ್ಲಿ ಎರಡು ಪ್ಲೇಟು ಮಂಡಕ್ಕಿ ತಿಂದ.

ಕಾಯಿಲೋವರ್ ಬಂದು ಕೂತ ಭಾನುವಾರ ಅವನೊಬ್ಬನೇ ಸಕ್ರೆಬೈಲಿನವರೆಗೆ ಹೋಗಿ ಬಂದಿದ್ದ. ಕಾರು ನೆಲಕ್ಕೆ ಹತ್ತಿರವಾಗಿ, ನೋಡಲು ಚೆಂದವಾಗಿ, ಒಳಗೆ ಕೂತವನ ಹಲ್ಲು ಅದುರಿಸುವಂತಿತ್ತು. ಇದೇ ಸರಿ, ಇದೇ ರೇಸಿನ ಕಾರು ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಸುಶ್ಮಿತಾ ಮೂರು ವಾರ ಅದನ್ನು ಓಡಿಸಿದಳು. ಮಲವಗೊಪ್ಪದ ಹಂಪಿನಲ್ಲಿ ಹೊಟ್ಟೆ ಉಜ್ಜದಿರಲೆಂದು ಅಡ್ಡಡ್ಡ ಹತ್ತಿಸಬೇಕಿತ್ತು, ಹಿಂದಿನ ಲಾರಿಯವರು ಹಾರ್ನು ಹೊಡೆಯುತ್ತಿದ್ದರು. ಸಂಜೆ ಬಂದವಳು ಕುತ್ತಿಗೆಯ ಹಿಂದೆ ತನ್ನ ಕೈಯಿಂದ ತಾನೇ ಒತ್ತಿಕೊಳ್ಳುವುದನ್ನು ಅವನು ಪೇಪರಿನ ಮರೆಯಿಂದ ನೋಡುತ್ತಿದ್ದ. ದೂರು ಹೇಳಲಿ ಎಂದು ಕಾದ. ಮೊದಲೆಲ್ಲ ಮನೆಗೆ ಬಂದ ಕೂಡಲೇ, ಇವತ್ತು ರೈಲ್ವೆ ಗೇಟಿನ ಹತ್ತಿರದ ತಿರುವು ಎಷ್ಟು ಚೆನ್ನಾಗಿ ಬಂತು ಗೊತ್ತಾ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಅವನು ಹೂಂ ಎಂದು ಮೊಬೈಲು ನೋಡುತ್ತಿದ್ದ. ಈಗ ಆ ಮಾತು ನಿಂತಿತ್ತು. ನಿಂತದ್ದು ಅವನಿಗೆ ಗೊತ್ತಾಗಿಯೂ ಇತ್ತು. ಈ ಸೋಮವಾರದಿಂದ ಬಸ್ಸು.

ಮೇಷ್ಟ್ರಿಗೆ ಚೀಟಿ ಬರೆದುಕೊಟ್ಟು ಕಳಿಸಿದ ಮೇಲೆ ಅವನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮೂರು ಗಂಟೆಗೆ ಬಾಗಿಲು ಎಳೆದು, ಮನೆಗೆ ಹೋಗಿ, ಕೀಲಿ ತೆಗೆದುಕೊಂಡು ಭದ್ರಾವತಿಯ ಕಡೆ ಹೊರಟ. ಮುಂದಿನ ಚಕ್ರದಲ್ಲಿ ಟಕ್ ಎಂಬ ಸದ್ದು ಬರುತ್ತಿದೆ, ಪರಶುರಾಮನಿಗೆ ತೋರಿಸಬೇಕು ಎಂಬುದು ನೆಪ. ಸದ್ದು ಬರುತ್ತಿದ್ದದ್ದು ನಿಜ; ಆದರೆ ಕಾರಿನ ತುಂಬ ಸದ್ದೇ ಇದ್ದಾಗ ಒಂದು ಟಕ್ಕಿಗಾಗಿ ಯಾರೂ ಇಪ್ಪತ್ತು ಕಿಲೋಮೀಟರು ಹೋಗುವುದಿಲ್ಲ. ಒಂದು ತಿರುವಿನಲ್ಲಿ, ಅವಳು ಹೊಗಳುತ್ತಿದ್ದ ತಿರುವೇ ಇರಬೇಕು, ಕಿತ್ತುಹೋದ ಡಾಂಬರಿನ ಮೇಲೆ ಹಿಂದಿನ ಚಕ್ರ ನೆಲ ಬಿಟ್ಟು ಹಾರಿ, ಕಾರು ಒಂದು ಮಾರು ಪಕ್ಕಕ್ಕೆ ಜರುಗಿತು. ಎದುರಿನ ಬೈಕಿನವನು ಕೈಯೆತ್ತಿ ಬೈದ. ಉಮಾಮಹೇಶ್ವರ ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಇಲ್ಲೇ ಮೂರು ವಾರ, ದಿನಕ್ಕೆರಡು ಸಲ, ಅವಳು ಇದನ್ನು ಹಿಡಿದುಕೊಂಡು ಹೋಗಿದ್ದಾಳೆ, ಬಂದಿದ್ದಾಳೆ. ಒಂದು ಸಲವೂ ಜರುಗಿತೆಂದು ಹೇಳಲಿಲ್ಲ. ಬಹುಶಃ ಅವಳ ಕೈಯಲ್ಲಿ ಜರುಗಿಯೇ ಇರಲಿಕ್ಕಿಲ್ಲ ಎಂದುಕೊಂಡ, ಆ ಭಯದ ನಡುವೆಯೂ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು.

ಪರಶುರಾಮ ಚಕ್ರ ಅಲುಗಾಡಿಸಿ ನೋಡಿ, ಒಂದು ನಟ್ಟು ಬಿಗಿದು, ಮೇಡಂ ಬರಲಿಲ್ವಾ ಎಂದ. ಇಲ್ಲ, ಅವಳು ಬಸ್ಸಲ್ಲಿ ಓಡಾಡ್ತಾಳೆ ಎಂದ ಉಮಾಮಹೇಶ್ವರ ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾಲಿಗೆ ಕೇಳಲಿಲ್ಲ. ಅವಳಿಗೆ ಹೀಗೆ ಗಟ್ಟಿಯಾದ ಗಾಡಿ ಓಡಿಸೋಕೆ ಬರಲ್ಲ, ಮೆತ್ತಗಿದ್ದಾಗಲೇ ಹೇಗೆ ಗುದ್ದಿಸ್ತಿದ್ದಳು ನೀವೇ ನೋಡಿದ್ರಲ್ಲ, ನಾಲ್ಕೂ ಟ್ಯಾಗು ಮೇಲೆ ಹೋಗಿದ್ವು ಎಂದ. ಪರಶುರಾಮ ಸ್ಪ್ಯಾನರನ್ನು ಟ್ರೇಗೆ ಹಾಕಿದ.

"ಸಾರ್, ನಾಲ್ಕೂ ರಬ್ಬರಿಗೆ ಮುಟ್ಟಿತ್ತು. ರೋಡಲ್ಲಿ ಓಡಿದ ಗಾಡೀಲಿ ಹಂಗೆ ಬರಲ್ಲ. ಡ್ರೈವರ್ ಕೂರೋ ಕಡೆ ಒಂದು, ಗುಂಡಿ ಕಡೆ ಒಂದು, ಹಿಂದೆ ಮುಂದೆ ಬೇರೆ ಬೇರೆ. ನಾಲ್ಕೂ ಸಮ ಬಂತು ಅಂದ್ರೆ ಅದು ಕೈ ಕೆಲಸ."

ಅವನ ದನಿಯಲ್ಲಿ ಆರೋಪವಿರಲಿಲ್ಲ, ಸವೆದ ಬೇರಿಂಗಿನ ಬಗ್ಗೆ ಹೇಳುವ ಹಾಗೆ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಉಮಾಮಹೇಶ್ವರನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಂಡಿತು. ಗೊತ್ತಿದ್ದೂ ಯಾಕೆ ಹಾಕಿದಿರಿ ಎಂದು ಕೇಳಿದ.

"ಹೇಳೋಣ ಅಂತಾನೇ ಇದ್ದೆ. ಮೇಡಂ ಕಣ್ಣಲ್ಲೇ ಬೇಡ ಅಂದ್ರು. 'ಅವರಿಗೆ ಇಷ್ಟ ಆದ್ದೇ ಹಾಕಿ ಅಣ್ಣ, ಆದ್ರೆ ಅವರು ಟ್ರ್ಯಾಕಲ್ಲಿ ಜೋರಾಗಿ ಓಡಿಸ್ತಾರೆ, ಅಪಾಯ ಆಗದ ಹಂಗೆ ನೋಡ್ಕೊಳ್ಳಿ' ಅಂತ ಸಾಯಂಕಾಲ ಫೋನ್ ಮಾಡಿದ್ರು. ಅದಕ್ಕೆ ಶಾಕ್ಸಿನ ತಿರುಪು ನೀವು ಹೇಳಿದ್ದಕ್ಕಿಂತ ನಾಲ್ಕು ಕ್ಲಿಕ್ಕು ಮೆತ್ತಗೆ ಇಟ್ಟಿದೀನಿ."

ಈ ಮಾತು ಕೇಳಿದ ಮನುಷ್ಯನಿಗೆ ಮೊದಲು ನಾಚಿಕೆಯಾಗಬೇಕು. ಉಮಾಮಹೇಶ್ವರನಿಗೆ ಮೊದಲು ಬಂದದ್ದು ಆ ಫೋನಿನ ಯೋಚನೆ. ಎಲ್ಲಿಂದ ಮಾಡಿದಳು, ಆಸ್ಪತ್ರೆಯಿಂದಲೋ, ಮನೆಯಿಂದಲೋ, ತಾನು ಟಿವಿ ನೋಡುತ್ತಿದ್ದಾಗ ಅಡುಗೆಮನೆಯಿಂದಲೋ. ಒಂದೂವರೆ ತಿಂಗಳಿಂದ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸೇರಿ, ಜ್ವರ ಬಂದ ಮಗುವಿಗೆ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಕೊಟ್ಟ ಹಾಗೆ, ತನಗೆ ಬೇಕಾದ್ದನ್ನು ಕೊಟ್ಟು ಒಳಗೆ ನಾಲ್ಕು ಕ್ಲಿಕ್ಕು ಸಡಿಲಿಸಿದ್ದಾರೆ. ತಾನು ಮಾಡಿದ ಮೋಸದಲ್ಲೂ ಅವರಿಬ್ಬರೇ ಜೊತೆ, ತಾನು ಹೊರಗೆ. ನಾಚಿಕೆ ಆಮೇಲೆ ಬಂತು. ಆಸ್ಪತ್ರೆಯ ಎದುರು ಕಾರು ನಿಲ್ಲಿಸಿಕೊಂಡು ಐದು ಗಂಟೆಯಾಗಲೆಂದು ಕಾಯುತ್ತ ಕೂತಾಗ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿಯಾಗಿ ಏರಿತು. ಕೋಲೂರಿಕೊಂಡು ಹೊರಬಂದ ಮುದುಕರೊಬ್ಬರು ಕಾರಿನ ಹತ್ತಿರ ನಿಂತು, ಸುಶ್ಮಿತಾ ಮೇಡಂದಲ್ವಾ ಇದು ಎಂದು ಪಕ್ಕದವರಿಗೆ ಹೇಳಿ ಮುಂದೆ ಹೋದರು.

ಅವಳು ಬಂದು, ಅವನನ್ನು ನೋಡಿ ಆಶ್ಚರ್ಯಪಡದೆ, ಪಕ್ಕದ ಸೀಟಿನಲ್ಲಿ ಕೂತಳು. ಅಂಗಡಿ ಯಾಕೆ ಮುಚ್ಚಿದ್ರಿ ಎಂದು ಕೇಳಿದಳು. ಅವನು ಭದ್ರೆಯ ಸೇತುವೆ ದಾಟಿಸಿದ. ಪ್ರತಿ ಗುಂಡಿಗೂ ಇಬ್ಬರ ತಲೆಗಳೂ ಒಟ್ಟಿಗೆ ಅಲುಗಿದವು. ಕೊನೆಗೆ, ಪರಶುರಾಮನ ಹತ್ತಿರ ಹೋಗಿದ್ದೆ ಎಂದ. ಅವಳು ಕಿಟಕಿಯ ಗಾಜು ಏರಿಸಿದಳು.

"ಆ ಭಾನುವಾರ ನೀವು ಚಾಪೆ ಹಾಕ್ಕೊಂಡು ಮಲಗಿದ್ರಲ್ಲ, ನನಗೆ ನಿದ್ದೆ ಬಂದಿರ್ಲಿಲ್ಲ. ಏನೋ ಬೀಳಿಸ್ಕೊಂಡು ಹುಡುಕ್ತಿದ್ದಾರೆ ಅಂತ ಟಾರ್ಚ್ ತಗೊಂಡು ಬಾಗಿಲವರೆಗೂ ಬಂದೆ. ಎರಡನೇ ಚಕ್ರದ ಹತ್ರ ಇದ್ರಿ. ವಾಪಸ್ ಹೋಗಿ ಮಲಕ್ಕೊಂಡೆ."

"ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀವು ಸುಳ್ಳು ಹೇಳ್ತಿದ್ರಿ. ಆಮೇಲೆ ಅದನ್ನೂ ಇಟ್ಕೊಂಡು ಬದುಕಬೇಕಲ್ಲ ಅನ್ನಿಸ್ತು."

ಅವನು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಮಾತು ಒಮ್ಮೆಲೇ ಬಂತು, ಒಂದರ ಮೇಲೊಂದು ಬಿದ್ದು ಬಂತು. ತಪ್ಪಾಯಿತು, ಏನು ಹಿಡಿದಿತ್ತೋ ಗೊತ್ತಿಲ್ಲ, ನಾಳೆಯೇ ಇದನ್ನೆಲ್ಲ ಬಿಚ್ಚಿಸುತ್ತೇನೆ, ಪರಶುರಾಮ ಹೇಳಿದ್ದನ್ನೇ ಹಾಕಿಸುತ್ತೇನೆ, ಎತ್ತರ ಮೊದಲಿನಂತೆಯೇ ಇರಲಿ, ನೀನೇ ಓಡಿಸು, ನಿನ್ನದೇ ಕಾರು ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರೂ ಬಂತು, ಅದು ಸುಳ್ಳು ನೀರಲ್ಲ. ಅವಳು ಅವನು ಮುಗಿಸುವವರೆಗೂ ಕೇಳಿದಳು. ಆಮೇಲೆ ಅವನ ಕೈಯ ಮೇಲೆ, ಗೇರಿನ ಮೇಲಿದ್ದ ಕೈಯ ಮೇಲೆ, ತನ್ನ ಕೈಯಿಟ್ಟಳು.

"ಬಿಚ್ಚಿಸಿ, ನಿಮ್ಮ ಬೆನ್ನಿಗೂ ಒಳ್ಳೇದು. ನಾನು ಮಾತ್ರ ಇನ್ನು ಓಡಿಸಲ್ಲ, ರೀ. ಮಾಡಿಸಿದ ಮೇಲೂ ಓಡಿಸಲ್ಲ. ಟ್ರ್ಯಾಕಲ್ಲೂ ಇಲ್ಲ, ಈ ರೋಡಲ್ಲೂ ಇಲ್ಲ."

ಬೇಡ, ಹಾಗನ್ನಬೇಡ, ನಿನ್ನಷ್ಟು ಚೆನ್ನಾಗಿ ಯಾರೂ ಓಡಿಸುವುದಿಲ್ಲ ಎಂದು ಹೇಳಬೇಕೆಂದು ಅವನು ಬಾಯಿ ತೆರೆದ. ಅದು ಹೇಳಬೇಕಾದ ಮಾತೆಂದು ಅವನಿಗೆ ಗೊತ್ತಿತ್ತು; ಅವಳು ಕಾಯುತ್ತಿದ್ದದ್ದೂ ಆ ಒಂದು ಮಾತಿಗೇ ಎಂದೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವನ ಎದೆಯಲ್ಲಿ ಆರು ತಿಂಗಳಿಂದ ಬಿಗಿದುಕೊಂಡಿದ್ದ ಏನೋ ಸಡಿಲವಾಯಿತು. ಇನ್ನು ಯಾರೂ ಹೋಲಿಸುವುದಿಲ್ಲ. ಇನ್ನು ಯಾವ ಗಡಿಯಾರವೂ ಅವಳ ಹೆಸರು ಹೇಳುವುದಿಲ್ಲ. ಹಾಯೆನಿಸಿತು, ನೆತ್ತಿಗೆ ತಣ್ಣೀರು ಹೊಯ್ದಷ್ಟು ಹಾಯೆನಿಸಿತು, ಬೇಡ ಬೇಡವೆಂದರೂ ಅದು ಮುಖಕ್ಕೆ ಬಂದೇಬಿಟ್ಟಿತು. ಮಂಡಿಯ ನೋವು ಎಲ್ಲಿದೆಯೆಂದು ರೋಗಿಗಿಂತ ಮೊದಲು ತಿಳಿಯುವ ಹೆಂಗಸು ಗಂಡನ ಮುಖವನ್ನು ನೋಡುತ್ತಿದ್ದಳು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬೆಲ್ಟು ಬಿಚ್ಚಿ, ಬ್ಯಾಗು ಕೊಡೆ ಎತ್ತಿಕೊಂಡು, ಹಿಂದೆ ಬಸ್ಸು ಬರ್ತಿದೆ, ಅದರಲ್ಲೇ ಬರ್ತೀನಿ, ನೀವು ನಿಧಾನವಾಗಿ ಹೋಗಿ ಎಂದು ಇಳಿದಳು.